ಪ್ಲ್ಯಾನ್ ಬರೆಯೋ ಅಕ್ಕಾರು ಟಿವಿಯೊಳಗ

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಗಿರಮಿಟ್ ತಿನ್ನುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬರು ಬಹಳ ಹೊತ್ತು ನನ್ನ ಮುಖ ನೋಡಿ, "ಅಕ್ಕಾರ, ಟಿವಿಯೊಳಗ ಮಂದಿ ಮನಿ ಹೊಕ್ಕು ಅಡ್ಡಾಡೋರು ನೀವ ಅಲ್ರೀ?" ಎಂದರು. ಹೌದು ಎಂದೆ. "ಮತ್ತ ಕೆಲಸ ಏನ್ ಮಾಡ್ತೀರಿ?" ಆರ್ಕಿಟೆಕ್ಟ್ ಎಂದೆ. ಅವರಿಗೆ ಹೊಳೆಯಲಿಲ್ಲ. "ಮನಿ ಪ್ಲ್ಯಾನ್ ಬರೀತೀನ್ರಿ" ಎಂದೆ. "ಹಂಗನ್ರಿ ಮತ್ತ, ಇಂಜಿನಿಯರ್ ಅನ್ರಿ!" ಎಂದು ಅವರೇ ತೀರ್ಮಾನ ಮಾಡಿ ಮುಂದೆ ಹೋದರು.

ಈ ತೀರ್ಮಾನಕ್ಕೆ ನಾನು ಯಾವತ್ತೋ ಒಗ್ಗಿ ಹೋಗಿದ್ದೇನೆ. ಆದರೆ ಟಿವಿಗೆ ಹೋದದ್ದು ಹೇಗೆ, ಅಲ್ಲಿ ಏನೇನು ಪಜೀತಿ ಪಟ್ಟೆ ಅಂತ ಕಾಲೇಜಿನ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಗದಗಿನವಳು. ಅಪ್ಪ ಅಲ್ಲಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. 1996ರಲ್ಲಿ ಬಿ.ಆರ್ಕ್ ಓದಲು ಹುಬ್ಬಳ್ಳಿಗೆ ಬಂದಾಗ ನಾನು ಧಾರವಾಡ ಜಿಲ್ಲೆಯವಳು. ಮರುವರ್ಷ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಊರು ಅಲ್ಲೇ ಇತ್ತು, ವಿಳಾಸ ಬದಲಾಯಿತು. ಐದು ವರ್ಷದ ಕೋರ್ಸು. ಟಿ-ಸ್ಕ್ವೇರ್, ಇಂಕ್ ಪೆನ್ನು, ಟ್ರೇಸಿಂಗ್ ಹಾಳೆ, ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆಯುತ್ತ ಕಳೆದ ರಾತ್ರಿಗಳು. ಆಮೇಲೆ ನಾಲ್ಕು ವರ್ಷ ಬೇರೆಯವರ ಆಫೀಸಿನಲ್ಲಿ ಕೆಲಸ. ನಡುವೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದೆ. 1972ರ ಕಾಯ್ದೆಯ ಪ್ರಕಾರ ಆ ನೋಂದಣಿ ಇಲ್ಲದೆ ಬೋರ್ಡಿನ ಮೇಲೆ ಆರ್ಕಿಟೆಕ್ಟ್ ಎಂದು ಬರೆಸುವ ಹಾಗಿಲ್ಲ. 2005ರಲ್ಲಿ ವಿದ್ಯಾನಗರದಲ್ಲಿ ಸ್ವಂತ ಆಫೀಸು ತೆರೆದೆ. ಒಂದು ಕೋಣೆ, ಒಂದು ಕಂಪ್ಯೂಟರ್, ಡ್ರಾಯಿಂಗ್ ಮಾಡಲು ಒಬ್ಬ ಹುಡುಗ. ಬರುತ್ತಿದ್ದದ್ದು 30 ಬೈ 40 ಸೈಟಿನ ಮನೆಗಳು. ಕೆಳಗೆ ಬಾಡಿಗೆಗೆ, ಮೇಲೆ ಸ್ವಂತಕ್ಕೆ. ಈಶಾನ್ಯಕ್ಕೆ ನೀರಿನ ಟಾಕಿ, ಆಗ್ನೇಯಕ್ಕೆ ಒಲೆ. ಅದರಾಚೆ ಏನಾದರೂ ಹೇಳಲು ಹೋದರೆ, "ಮೇಡಂ, ಅದೆಲ್ಲಾ ಆಮ್ಯಾಲ ನೋಡೂಣು" ಎನ್ನುತ್ತಿದ್ದರು. ಆ ಆಮ್ಯಾಲ ಬಂದದ್ದು ಕಡಿಮೆ.

ಟಿವಿ ಬಂದದ್ದು ಮಳೆಯ ಜೊತೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ನಮ್ಮ ಕಡೆಯವರು ಯಾರೂ ಮರೆತಿಲ್ಲ. ಉತ್ತರ ಕರ್ನಾಟಕದ ತುಂಬ ಹಳ್ಳಿಗಳಿಗೆ ನೀರು ನುಗ್ಗಿತು, ಜನ ಸತ್ತರು. ಹೊಳೆ ಮುಟ್ಟದ ಊರುಗಳಲ್ಲೂ ಮಾಳಿಗೆ ಮನೆಗಳು ಕುಸಿದು ಬಿದ್ದವು. ಊರಿನ ಕೇಬಲ್ ಚಾನೆಲ್ ಒಂದರಿಂದ ಫೋನು ಬಂತು. ಯಾರೋ ನನ್ನ ನಂಬರ್ ಕೊಟ್ಟಿದ್ದರಂತೆ. "ಮಣ್ಣಿನ ಮನಿ ಯಾಕ ಬಿದ್ದಾವು, ಉಳಿದ ಮನಿಯೊಳಗ ಮಂದಿ ಇರಬಹುದೋ ಇಲ್ಲೋ, ಎರಡು ಮಾತು ಹೇಳ್ರಿ" ಎಂದರು. ರೋಣದ ಕಡೆಯ ಒಂದು ಹಳ್ಳಿಯಲ್ಲಿ, ಅರ್ಧ ಗೋಡೆ ಉಳಿದ ಮನೆಯೊಂದರ ಮುಂದೆ ನಿಲ್ಲಿಸಿದರು.

ಮಾಳಿಗೆ ಮನೆ ಹೇಗಿರುತ್ತದೆ ಗೊತ್ತಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಚಕ್ಕೆ, ಸೊಪ್ಪು, ಆಮೇಲೆ ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮೇಲೆ ಹಾಳುಮಣ್ಣು ಹಾಕಿ, ನೀರು ಹರನಾಳಿಗೆಯ ಕಡೆ ಹರಿಯುವಂತೆ ಇಳಿಜಾರು ಮಾಡಬೇಕು. ಒಂದೆರಡು ದಿನದ ಮಳೆಗೆ ಅದು ಜಗ್ಗುವುದಿಲ್ಲ. ಬಿಡದೆ ದಿನಗಟ್ಟಲೆ ಹೊಡೆದರೆ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಅದೇ ಹೊತ್ತಿಗೆ ಗೋಡೆಯ ನೆತ್ತಿ ನೆನೆದು ಮೆತ್ತಗಾಗುತ್ತದೆ. ಹೊರುವ ಭಾರ ಏರುತ್ತದೆ, ಹೊರುವ ಶಕ್ತಿ ಇಳಿಯುತ್ತದೆ. ಇಷ್ಟು ವರ್ಷ ಮಣ್ಣು ಹಾಕುತ್ತ ಬಂದವರು, ಹಳೆಯದನ್ನು ತೆಗೆಯದೇ ಹಾಕುತ್ತ ಬಂದಿದ್ದರಿಂದ ಕೆಲವು ಮಾಳಿಗೆಗಳು ಮೊದಲೇ ಮೊಳಕ್ಕಿಂತ ದಪ್ಪವಾಗಿದ್ದವು. ಇದನ್ನೆಲ್ಲ ಮೂರು ನಿಮಿಷ ಹೇಳಿದೆ. ಪ್ರಸಾರವಾದದ್ದು 40 ಸೆಕೆಂಡು. ನನ್ನ ಹೆಸರಿನ ಕೆಳಗೆ "ಇಂಜಿನಿಯರ್" ಎಂದೇ ಬಂತು.

ಮೂರನೇ ದಿನ ನವಲಗುಂದದ ಕಡೆಯ ಹಿರಿಯರೊಬ್ಬರು ಆಫೀಸು ಹುಡುಕಿಕೊಂಡು ಬಂದರು. ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದಿದ್ದ ಎರೆಮಣ್ಣಿನ ಹೆಂಟೆಯನ್ನು ಮೇಜಿನ ಮೇಲೆ ಇಟ್ಟರು. "ಹೊಸಾ ಮನಿರೀ. ಸಿಮೆಂಟ್ ಮನಿ. ಗ್ವಾಡಿ ಮೂಲಿಂದ ಮೂಲಿಗೆ ಸೀಳೈತಿ. ಮಣ್ಣಿನ ಮನಿ ಬಿತ್ತು ಅಂದ್ರಿ, ಖರೆ. ಇದ್ಯಾಕ ಸೀಳ್ತು?" ನಾನು ಹಾಳೆಯ ಮೇಲೆ ಅಡಿಪಾಯದ ಸೆಕ್ಷನ್ ಬರೆದು ತೋರಿಸಿದೆ. ಅವರು ಸೌಜನ್ಯಕ್ಕೆ ತಲೆ ಆಡಿಸಿದರು. ಆಗ ಅವರದೇ ಹೆಂಟೆ ಮುರಿದು, ಒಂದು ತುಂಡನ್ನು ಗಾಜಿನ ಲೋಟದಲ್ಲಿ ಹಾಕಿ ನೀರು ಹೊಯ್ದೆ. ಚಹಾ ಬಂತು, ಕುಡಿದೆವು. ಅಷ್ಟರಲ್ಲಿ ಮಣ್ಣು ಬಿರಿದು, ಉಬ್ಬಿ, ಲೋಟದ ಅರ್ಧದವರೆಗೆ ಬಂದಿತ್ತು. "ಮಳೆಗಾಲದಾಗ ಹಿಂಗ ಎತ್ತತೈತ್ರಿ, ಬ್ಯಾಸಗ್ಯಾಗ ಕೆಳಗ ಬಿಡತೈತಿ. ನಿಮ್ಮ ಗ್ವಾಡಿ ಅದರ ಮ್ಯಾಲ ಕುಂತೈತಿ" ಎಂದೆ. ಅವರು ಲೋಟವನ್ನೇ ನೋಡುತ್ತ, "ಇದನ್ನ ಮೊದ್ಲ ತೋರಿಸಿದ್ರ ಆಗ್ತಿತ್ತಲ್ರಿ" ಎಂದರು.

ಆರು ತಿಂಗಳ ನಂತರ ಅದೇ ಚಾನೆಲ್‌ನವರು ವಾರಕ್ಕೊಂದು ಅರ್ಧ ತಾಸಿನ ಕಾರ್ಯಕ್ರಮ ಮಾಡೋಣ ಎಂದಾಗ, ನಾನು ಮೊದಲು ಒಪ್ಪಿಕೊಂಡದ್ದು ಆ ಲೋಟದ ನೆನಪಿನಿಂದ. ಮೊದಲ ಕಂತಿನಲ್ಲಿ ಅದನ್ನೇ ಮಾಡಿದೆ. ಎರೆಮಣ್ಣಿನಲ್ಲಿ ಮನೆ ಕಟ್ಟುವವರು ಆ ಮಣ್ಣನ್ನು ದಾಟಿ ಕೆಳಗಿನ ಗಟ್ಟಿ ಗರಸಿನವರೆಗೆ ಅಗೆಯಬೇಕು. ಬಹಳ ಆಳವಿದ್ದರೆ ನೆಲದೊಳಗೆ ಇಳಿಸುವ, ಬುಡದಲ್ಲಿ ಉಬ್ಬು ಇರುವ ಕಾಂಕ್ರೀಟ್ ಕಂಬ, ಅಂದರೆ ಅಂಡರ್ ರೀಮ್ಡ್ ಪೈಲ್ ಹಾಕಬೇಕು. ಬಚ್ಚಲ ನೀರು ಗೋಡೆಯ ಬುಡಕ್ಕೆ ಇಂಗಲು ಬಿಡಬಾರದು. ಇದಿಷ್ಟೇ ವಿಷಯ. ಲೋಟ ಉಬ್ಬುವವರೆಗೆ ಜನ ಚಾನೆಲ್ ಬದಲಿಸದೆ ಕಾದರು ಅಂತ ಆಮೇಲೆ ಗೊತ್ತಾಯಿತು.

ಎರಡನೇ ಕಂತು ಮಾತ್ರ ಹಳ್ಳ ಹಿಡಿಯಿತು. ಧಾರವಾಡದ ಮಾಳಮಡ್ಡಿಯ ಒಂದು ಹಳೆಯ ಹೆಂಚಿನ ಮನೆ. ಬಾಗಿಲಲ್ಲಿ ನಿಂತು ಶುರು ಮಾಡಿದೆ: ಈ ಮನೆಯ ಸರ್ಕ್ಯುಲೇಶನ್, ಕ್ರಾಸ್ ವೆಂಟಿಲೇಶನ್, ಸ್ಪೇಸ್‌ಗಳ ಶ್ರೇಣಿ. ಎಂಟು ನಿಮಿಷ ನಿಲ್ಲಿಸದೆ ಮಾತಾಡಿದೆ. ಕ್ಯಾಮೆರಾಮನ್ ಅಣ್ಣಿಗೇರಿಯ ಹುಡುಗ, ನನಗಿಂತ ಹತ್ತು ವರ್ಷ ಸಣ್ಣವ. ಕ್ಯಾಮೆರಾ ಕೆಳಗಿಳಿಸಿ, "ಮೇಡಂ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮಾತು ಮಾಳಿಗಿ ಮ್ಯಾಲಿಂದ ಬರಾಕತ್ತಾವು. ನನ್ನ ಕ್ಯಾಮೆರಾ ನೆಲದ ಮ್ಯಾಲ ಐತಿ" ಎಂದ.

ಸಿಟ್ಟು ಬಂತು. ಮನೆಗೆ ಹೋದ ಮೇಲೆ ಅವನು ಹೇಳಿದ್ದು ಎಷ್ಟು ಸರಿ ಅಂತ ಹೊಳೆಯಿತು. ಪ್ಲ್ಯಾನ್ ಅಂದರೆ ಮನೆಯನ್ನು ಮೇಲಿನಿಂದ ನೋಡುವುದು. ಮನೆಯ ತಲೆ ಕೊಯ್ದು ಒಳಗೆ ಇಣುಕಿದ ಹಾಗೆ. ಹಾಗೆ ಮನೆಯನ್ನು ನೋಡುವವರು ಹದ್ದು ಮತ್ತು ಆರ್ಕಿಟೆಕ್ಟ್ ಇಬ್ಬರೇ. ಐದು ವರ್ಷ ಓದಿ, ಒಂಬತ್ತು ವರ್ಷ ಕೆಲಸ ಮಾಡಿ, ನನಗೆ ಬೇರೆ ಥರ ನೋಡುವುದೇ ಮರೆತುಹೋಗಿತ್ತು.

ಮುಂದಿನ ವಾರ ಬೇರೆ ರೀತಿ ಮಾಡಿದೆವು. ನಾನು ಸುಮ್ನೆ ನಡೆಯುವುದು, ಅವನು ಹಿಂದೆ ಬರುವುದು. ಉರಿಬಿಸಿಲಿನಿಂದ ಕಟ್ಟೆ ಹತ್ತಿ, ಹೊಸ್ತಿಲು ದಾಟಿ, ಪಡಸಾಲೆಗೆ ಕಾಲಿಟ್ಟ ಕೂಡಲೇ ಪರದೆ ಕಪ್ಪಾಯಿತು. "ತಡೀರಿ, ಐರಿಸ್ ತೆಗೀತೀನಿ" ಎಂದ. ನಾಲ್ಕೈದು ಸೆಕೆಂಡು ಅಲ್ಲೇ ನಿಂತೆ. ಕ್ಯಾಮೆರಾದ ಕಣ್ಣು ಅಗಲವಾಗುತ್ತಿದ್ದ ಹಾಗೆ ನನ್ನ ಕಣ್ಣೂ ಹೊಂದಿಕೊಂಡಿತು. ಒಂದೊಂದಾಗಿ ಕಂಬ, ಗೋಡೆಯ ಮಾಡ, ನಾಗೊಂದಿಯ ಮೇಲಿನ ಹಿತ್ತಾಳೆ ಕೊಡ, ಮಾಳಿಗೆಯ ಬೆಳಕಿಂಡಿಯಿಂದ ನೆಲಕ್ಕೆ ಬಿದ್ದ ಬಿಲ್ಲೆಯಂಥ ಬೆಳಕು ಕಾಣಿಸಿದವು. ನಮ್ಮ ಸೀಮೆಯ ಬಿಸಿಲಿಗೆ ಪಡಸಾಲೆ ಯಾಕೆ ಬೇಕು ಅಂತ ನಾನು ಒಂದು ಮಾತೂ ಹೇಳಬೇಕಾಗಲಿಲ್ಲ. ಆ ನಾಲ್ಕೈದು ಸೆಕೆಂಡು ಕತ್ತರಿಸಬೇಡಿ ಅಂತ ಎಡಿಟಿಂಗ್ ಮಾಡುವವರ ಹತ್ತಿರ ಜಗಳವಾಡಿದ್ದಷ್ಟೇ.

ಇನ್ನು ಭಾಷೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಚಾನೆಲ್‌ನ ನಿರ್ಮಾಪಕರಿಗೆ "ಶುದ್ಧ ಕನ್ನಡ" ಬೇಕಿತ್ತು. ಐತಿ ಅನ್ನಬೇಡಿ, ಇದೆ ಅನ್ನಿ. ಮನಿ ಅಲ್ಲ, ಮನೆ. ನನಗೆ ಅದು ಕಷ್ಟವಲ್ಲ. ಆದರೆ ನಾನು "ಈ ಮನೆಯನ್ನು ಯಾವಾಗ ಕಟ್ಟಿಸಿದಿರಿ?" ಎಂದು ಕೇಳಿದರೆ ಎದುರಿಗಿದ್ದ ಅಜ್ಜ ಎದ್ದು ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಎರಡು ಮಾತು ಹೇಳಿ ಬಾಯಿ ಮುಚ್ಚುತ್ತಿದ್ದರು. ಕ್ಯಾಮೆರಾ ಆಫ್ ಆದ ಕೂಡಲೇ ಕುಳಿತು, ತಾಸುಗಟ್ಟಲೆ ಚಂದದ ಮಾತು! ಒಂದು ದಿನ ಬೇಕಂತಲೇ "ಅಜ್ಜಾರ, ಈ ತೊಲಿ ಎಲ್ಲಿಂದ ತಂದಿದ್ರಿ?" ಎಂದೆ. "ದಾಂಡೇಲಿಯಿಂದ್ರಿ ಯವ್ವಾ, ಚಕ್ಕಡಿ ಕಟಗೊಂಡು ನಮ್ಮಪ್ಪ ತಂದಿದ್ದ" ಎಂದು ಶುರುವಾದವರು ಇಡೀ ಕಂತು ತುಂಬಿಸಿಕೊಟ್ಟರು. ಕೊನೆಗೆ ಒಂದು ರಾಜಿ ಆಯಿತು. ಕ್ಯಾಮೆರಾ ನೋಡಿ ಒಬ್ಬಳೇ ಹೇಳುವಾಗ ಪುಸ್ತಕದ ಕನ್ನಡ. ಮನೆಯವರ ಜೊತೆ ಮಾತಿಗೆ ನಮ್ಮ ಕನ್ನಡ. 1950ರಿಂದ ಧಾರವಾಡ ಆಕಾಶವಾಣಿ ಕೇಳಿ ಬೆಳೆದ ಸೀಮೆ ನಮ್ಮದು. ಎರಡೂ ಕನ್ನಡ ಒಂದೇ ಮನೆಯಲ್ಲಿ ಇರಬಹುದು ಅಂತ ಇಲ್ಲಿನ ಕೇಳುಗರಿಗೆ ಹೊಸದಾಗಿ ಕಲಿಸಬೇಕಿಲ್ಲ.

ನಿರೂಪಣೆ ಅಂತ ನಾನು ಎಲ್ಲೂ ಕಲಿತವಳಲ್ಲ. ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರ "ಥಟ್ ಅಂತ ಹೇಳಿ" ನೋಡುತ್ತಿದ್ದೆ. ವೈದ್ಯರಾದ ಅವರು 2002ರಿಂದ ಅದನ್ನು ನಡೆಸಿಕೊಂಡು ಬಂದವರು. ಡಾಕ್ಟರೊಬ್ಬರಿಗೆ ಆಗುವುದಾದರೆ ನನಗೂ ಆದೀತು ಎಂಬ ಮೊಂಡು ಧೈರ್ಯ. ಅವರು ಎಲ್ಲಿ ನಿಲ್ಲಿಸುತ್ತಾರೆ, ಉತ್ತರ ಬರುವವರೆಗೆ ಹೇಗೆ ಕಾಯುತ್ತಾರೆ ಅಂತ ಗಮನಿಸಿದೆ.

ಸಣ್ಣ ಪುಟ್ಟ ಕಲಿಕೆ ಬಹಳ. ಸಣ್ಣ ಚೌಕಡಿಯ ಇಳಕಲ್ ಸೀರೆ ಉಟ್ಟು ಹೋದ ದಿನ ಪರದೆಯ ಮೇಲೆ ಇರುವೆ ಹರಿದಂತೆ ಮಿಣುಗಿತು. ಇಡೀ ದಿನದ ಶೂಟಿಂಗ್ ಹಾಳು. ರೇಷ್ಮೆ ಸೆರಗಿಗೆ ಕಾಲರ್ ಮೈಕ್ ಹಾಕಿದರೆ ಮಾತಿಗಿಂತ ಸರಸರ ಸದ್ದೇ ಹೆಚ್ಚು. ಅಂದಿನಿಂದ ಒಂದೇ ಬಣ್ಣದ ಹತ್ತಿ ಸೀರೆ. ಒಮ್ಮೆ ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ನಾಲ್ಕು ಕಂತು ಮಾಡಿದೆ. ಮೊದಲ ಸಲ ಟೆಲಿಪ್ರಾಂಪ್ಟರ್ ನೋಡಿದ್ದು ಅಲ್ಲೇ. ಕೆಳಗಿನ ಪರದೆಯಲ್ಲಿ ಅಕ್ಷರಗಳು ಉಲ್ಟಾ ಇರುತ್ತವೆ, ಮೇಲಿನ ಗಾಜಿನಲ್ಲಿ ಬಿಂಬ ನೇರವಾಗಿ ಕಾಣುತ್ತದೆ. ನಾನು ಬಗ್ಗಿ ಕೆಳಗಿನದನ್ನೇ ಓದಿಬಿಟ್ಟೆ. ಅಲ್ಲಿದ್ದ ಹುಡುಗರು ಬೆರಗಾದರು. ಅಪ್ಪನ ಪಕ್ಕ ಕುಳಿತು ಉಲ್ಟಾ ಮೊಳೆ ಓದಿದವಳಿಗೆ ಅದೇನು ದೊಡ್ಡದಲ್ಲ. ಆದರೆ ಆ ನಾಲ್ಕು ಕಂತು ನನಗೆ ಇಷ್ಟವಾಗಲಿಲ್ಲ. ಬೆವರು ಇಲ್ಲ, ನೊಣ ಇಲ್ಲ, ಮನೆಯೂ ಇಲ್ಲ.

ಅತಿ ಒಳ್ಳೆಯ ಕಂತು ಆದದ್ದು ನನ್ನ ತಪ್ಪಿನಿಂದ. ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಶೂಟಿಂಗ್ ಇತ್ತು. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವೇಶ್ವರ ಗುಡಿ, ಮುಸುಕಿನ ಬಾವಿ ಎಲ್ಲ ಪಟ್ಟಿ ಮಾಡಿಕೊಂಡಿದ್ದೆ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಇಲ್ಲಿನ ಕುಶಲಿಗಳು ಮರಳುಗಲ್ಲು ಬಿಟ್ಟು ಬಳಪದ ಕಲ್ಲಿಗೆ ಹೇಗೆ ಬಂದರು, ಮೆತ್ತನೆಯ ಆ ಕಲ್ಲಿನಿಂದ ಕೆತ್ತನೆ ಎಷ್ಟು ಸೂಕ್ಷ್ಮವಾಯಿತು, ಕಂಬಗಳನ್ನು ತಿರುಗಣಿಯಲ್ಲಿ ಹೇಗೆ ಕಡೆದರು ಅಂತ ಹೇಳುವ ಆಸೆ. ಹೋಗಿ ಟ್ರೈಪಾಡ್ ಬಿಚ್ಚಿದೆವು. ಕಾವಲಿನವರು ಬಂದು "ಪರವಾನಗಿ?" ಎಂದರು. ಪುರಾತತ್ವ ಸರ್ವೇಕ್ಷಣದ ಸ್ಮಾರಕದಲ್ಲಿ ಹೀಗೆ ಶೂಟಿಂಗ್ ಮಾಡಲು ಮೊದಲೇ ಅನುಮತಿ ಬೇಕು. ಪತ್ರ ತರಿಸುವುದು ನನ್ನ ಜವಾಬ್ದಾರಿಯಾಗಿತ್ತು. ಮರೆತಿದ್ದೆ.

ಐದು ಜನ, ಬಾಡಿಗೆ ಗಾಡಿ, ಮುಂದಿನ ವಾರದ ಕಂತು ಕೈಯಲ್ಲಿಲ್ಲ. ಊರೊಳಗೆ ನಡೆದೆವು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದ ಅಜ್ಜಿಯೊಬ್ಬರು "ಯಾಕ್ರವ್ವಾ, ಮಾರಿ ಸಣ್ಣ ಮಾಡೀರಿ? ಬರ್ರಿ, ನೀರು ಕುಡೀರಿ" ಎಂದು ಕರೆದರು. ಒಳಗೆ ಹೋದೆ. ಗಂಡಸು ನಿರೂಪಕ ಆಗಿದ್ದರೆ ಪಡಸಾಲೆಯಲ್ಲೇ ಕೂರಿಸುತ್ತಿದ್ದರು. ನನ್ನನ್ನು ಸೀದಾ ಅಡಿಗೆ ಮನೆಗೆ ಕರೆದುಕೊಂಡು ಹೋದರು. ಹೆಣ್ಣಾಗಿ ಈ ಕೆಲಸದಲ್ಲಿ ಸಿಕ್ಕ ಲಾಭ ಇದು. ಒಲೆಯ ಹೊಗೆ ಎಲ್ಲಿಂದ ಹೋಗುತ್ತದೆ, ಕತ್ತಲಲ್ಲಿ ಉಪ್ಪಿನ ಡಬ್ಬಿ ಕೈಗೆ ಹೇಗೆ ಸಿಗುತ್ತದೆ, ಇವೆಲ್ಲ ಅಲ್ಲಿ ಹೋಗದೆ ತಿಳಿಯುವುದಿಲ್ಲ.

ಮನೆಯ ಮುಂದೆ ಒಂದು ಕಲ್ಲು ಚಪ್ಪಡಿ ಕಂಡಿತು. ಹಗೇವು! ಅದನ್ನು ಓದಿದ್ದೆ, ಜೀವಂತ ಮಾತಲ್ಲಿ ಕೇಳಿರಲಿಲ್ಲ. ಅಜ್ಜಿ ವಿವರಿಸಿದರು. ನೆಲದೊಳಗೆ ಕೊಡದ ಆಕಾರದ ಗುಂಡಿ. ಸುತ್ತ ಹುಲ್ಲು ಒತ್ತಿ ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಗಾಳಿ ಆಡುವುದಿಲ್ಲ, ಹುಳು ಬದುಕುವುದಿಲ್ಲ. "ತೆಗಿಯೂವಾಗ ಹುಷಾರ್ ಇರಬೇಕ. ಬಾಯಿ ತೆರೆದು ಕಾವು ಹೋಗೂತನ ಕಾಯಬೇಕ. ಹಗ್ಗಕ್ಕ ದೀಪಾ ಕಟ್ಟಿ ಬಿಡೂದು. ದೀಪ ಆರಿತಂದ್ರ ಮನಶ್ಯಾ ಇಳಿಯಂಗಿಲ್ಲ." ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಉಸಿರು ಕಟ್ಟಿ ಸತ್ತವರಿದ್ದಾರೆ ಅಂತ ನಾನು ಸೇರಿಸಲು ಬಾಯಿ ತೆರೆದೆ. ಹುಡುಗ ಕ್ಯಾಮೆರಾದ ಹಿಂದಿನಿಂದ ಕೈ ಅಡ್ಡ ಮಾಡಿದ. ಸುಮ್ಮನಾದೆ. ಅಜ್ಜಿ ಒಂದು ಕ್ಷಣ ತಡೆದು, "ನನ್ನ ಮೈದುನ ಹಂಗ ಹ್ವಾದ" ಎಂದರು. ಆ ಕಂತಿನಲ್ಲಿ ನಾನು ಮಾತಾಡಿದ್ದು ಒಟ್ಟು ನಾಲ್ಕು ನಿಮಿಷವೂ ಇರಲಿಕ್ಕಿಲ್ಲ.

ಪ್ರವಾಹದ ನಂತರ ಕಟ್ಟಿದ ಹೊಸ ಮನೆಗಳಿಗೆ ಕೆಲವು ಕಡೆ ಜನ ಯಾಕೆ ಹೋಗಲಿಲ್ಲ ಅನ್ನುವುದು ನನಗೆ ಆ ದಿನ ಇನ್ನಷ್ಟು ಅರ್ಥವಾಯಿತು. ನಾನು ನೋಡಿದ ಅಂಥ ಮನೆಗಳ ಪ್ಲ್ಯಾನಿನಲ್ಲಿ ಎತ್ತು ಕಟ್ಟಲು ಜಾಗವಿರಲಿಲ್ಲ, ಕಾಳು ಇಡಲು ಜಾಗವಿರಲಿಲ್ಲ. ಅವನ್ನು ಬರೆದವರು ಕೆಟ್ಟವರೇನಲ್ಲ. ನನ್ನ ಹಾಗೆಯೇ ಮೇಲಿನಿಂದ ನೋಡಿದವರು.

ಗುಡಿಗಳ ಕಂತು ಪತ್ರ ತಂದು ಆಮೇಲೆ ಮಾಡಿದೆವು. ಡಂಬಳದ ದೊಡ್ಡಬಸಪ್ಪ ಗುಡಿಯದ್ದು ಈಗಲೂ ಹುಡುಗರು ನೆನೆಸುತ್ತಾರೆ. ಆ ಗುಡಿಯ ತಳಪಾಯ 24 ಮೂಲೆಯ ನಕ್ಷತ್ರ. ಅದನ್ನು ಮಾತಿನಲ್ಲಿ ಹೇಳಿದರೆ ಯಾರಿಗೂ ಹಿಡಿಯುವುದಿಲ್ಲ. ಒಂದೇ ಅಳತೆಯ ಆರು ಚೌಕ ರಟ್ಟು ಕತ್ತರಿಸಿಕೊಂಡು ಹೋದೆ. ನಡುವೆ ಒಂದು ಮೊಳೆ ಹೊಡೆದು, ಒಂದೊಂದನ್ನು 15 ಡಿಗ್ರಿ ತಿರುಗಿಸುತ್ತ ಹೋದರೆ, ಆರು ಚೌಕದ ನಾಲ್ಕು ನಾಲ್ಕು ಮೂಲೆ ಸೇರಿ 24. ಅಲ್ಲಿದ್ದ ಶಾಲೆಯ ಮಕ್ಕಳ ಕೈಗೆ ರಟ್ಟು ಕೊಟ್ಟೆ. ಒಬ್ಬ ಹುಡುಗಿ ತಿರುಗಿಸಿ, ಗುಡಿಯ ಗೋಡೆ ನೋಡಿ, ಮತ್ತೆ ರಟ್ಟು ನೋಡಿ, ಓಡಿಹೋಗಿ ಮೂಲೆ ಎಣಿಸತೊಡಗಿದಳು. ಅವಳ ಹಿಂದೆ ಕ್ಯಾಮೆರಾ ಓಡಿತು. ಇಂಥದ್ದು ಸ್ಕ್ರಿಪ್ಟಿನಲ್ಲಿ ಬರೆಯಲು ಆಗುವುದಿಲ್ಲ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಲೋಕಲ್ ಚಾನೆಲ್ ಕೊಡುವುದು ಪೆಟ್ರೋಲಿಗೆ ಸರಿಹೋಗುತ್ತದೆ. ಹೊಟ್ಟೆ ತುಂಬಿಸಿದ್ದು ಆಫೀಸೇ. ಟಿವಿಯಲ್ಲಿ ಬಂದರೆ ಕೆಲಸ ಜಾಸ್ತಿ ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಮೊದಲೆರಡು ವರ್ಷ ಉಲ್ಟಾ ಆಯಿತು. "ಅವ್ರು ದೊಡ್ಡೋರಾದ್ರು, ಫೀ ಭಾಳ ಇರ್ತೈತಿ" ಅಂತ ಜನ ಬಾಗಿಲಿಗೇ ಬರಲಿಲ್ಲ. ಬಂದವರಲ್ಲಿ ಅರ್ಧ ಜನ ಜೊತೆಗೆ ಫೋಟೋ ತೆಗೆಸಿಕೊಳ್ಳಲು, ಇನ್ನರ್ಧ ವಾಸ್ತುವಿಗೆ.

ಜಾಹೀರಾತಿನದ್ದು ಬೇರೆಯೇ ತಾಪತ್ರಯ. ನಮ್ಮ ವೃತ್ತಿಯ 1989ರ ನಡತೆ ನಿಯಮಗಳ ಪ್ರಕಾರ ಆರ್ಕಿಟೆಕ್ಟ್ ತನ್ನ ಸೇವೆಯನ್ನು ಜಾಹೀರಾತು ಮಾಡುವಂತಿಲ್ಲ. ಹಾಗಾಗಿ ಕಾರ್ಯಕ್ರಮದಲ್ಲಿ ಎಲ್ಲೂ ನನ್ನ ಆಫೀಸಿನ ಹೆಸರಾಗಲಿ, ನಂಬರ್ ಆಗಲಿ ಬರಬಾರದು ಅಂತ ಮೊದಲೇ ಬರೆಸಿಕೊಂಡಿದ್ದೆ. ಚಾನೆಲ್‌ನವರಿಗೆ ಅದು ವಿಚಿತ್ರವಾಗಿ ಕಂಡಿತು. ಒಬ್ಬ ಪ್ರಾಯೋಜಕರು ತಮ್ಮ ಪೇಂಟನ್ನು ಮಣ್ಣಿನ ಗೋಡೆಗೂ ಬಳಿಯಬಹುದು ಅಂತ ನನ್ನ ಬಾಯಿಂದ ಹೇಳಿಸಲು ಬಂದರು. ಮಣ್ಣಿನ ಗೋಡೆ ತೇವವನ್ನು ಎಳೆದುಕೊಂಡು ಹೊರಗೆ ಬಿಡುತ್ತಿರುತ್ತದೆ. ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಬಳಿದರೆ ತೇವ ಒಳಗೇ ನಿಂತು, ಬಣ್ಣದ ಜೊತೆ ಮಣ್ಣೂ ಹಪ್ಪಳದಂತೆ ಏಳುತ್ತದೆ. ಅದಕ್ಕೆ ಸುಣ್ಣವೇ ಸರಿ. ಹೇಳುವುದಿಲ್ಲ ಎಂದೆ. ಐದು ತಿಂಗಳು ಕಾರ್ಯಕ್ರಮ ನಿಂತಿತು. ಆ ಐದು ತಿಂಗಳು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಸುಮ್ನೆ ಧೈರ್ಯದ ಕಥೆ ಹೇಳಲಾರೆ. ಟಿವಿಯ ರುಚಿ ಹತ್ತಿತ್ತು, ಹೋಯಿತಲ್ಲ ಅಂತ ಸಂಕಟ.

ಈಗ ತಿಂಗಳಿಗೆ ಎರಡು ಕಂತು. ಆಫೀಸಿನ ಕೆಲಸವೂ ಬದಲಾಗಿದೆ. ಗಿರಾಕಿ ಬಂದರೆ ಮೊದಲ ವಾರ ಪ್ಲ್ಯಾನ್ ಬರೆಯುವುದಿಲ್ಲ. ಸೈಟಿಗೆ ಹೋಗಿ ಸುಣ್ಣದಲ್ಲಿ ನೆಲದ ಮೇಲೆ ಗೆರೆ ಹಾಕುತ್ತೇನೆ. ಮನೆಮಂದಿ ಎಲ್ಲ ಬಂದು ಅದರೊಳಗೆ ಅಡ್ಡಾಡಬೇಕು. ಹೋದ ತಿಂಗಳು ನವನಗರದಲ್ಲಿ ಮನೆಯ ಯಜಮಾನರು ಹಾಲ್ ಸಣ್ಣದಾಯಿತು ಅಂತ ತಕರಾರು ಮಾಡುತ್ತಿದ್ದರು. ಅವರ ಹೆಂಡತಿ ಏನೂ ಹೇಳದೆ ಅಡಿಗೆ ಮನೆಯ ಗೆರೆಯೊಳಗೆ ನಿಂತು, ರೊಟ್ಟಿ ಬಡಿಯುವ ಹಾಗೆ ಬಗ್ಗಿ, ಕತ್ತು ಹೊರಳಿಸಿ, "ಇಲ್ಲಿಂದ ಗೇಟು ಕಾಣವಲ್ದ್ರಿ" ಎಂದರು. ಕಿಟಕಿಯನ್ನು ಎರಡು ಅಡಿ ಸರಿಸಿದೆ.

ಮುಂದಿನ ವಾರ ಬಂಕಾಪುರ. ಕೋಟೆಯೊಳಗಿನ ಅರವತ್ತು ಕಂಬದ ಗುಡಿ. ಅನುಮತಿ ಪತ್ರದ ಮೂರು ಪ್ರತಿ ಈಗಾಗಲೇ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಅಣ್ಣಿಗೇರಿಯ ಹುಡುಗನಿಗೆ, ಈಗ ಅವನೂ ಹುಡುಗನೇನಲ್ಲ, ಬೇರೆ ಚಿಂತೆ. ಅಲ್ಲಿ ನವಿಲು ಬಹಳ. "ನೀವು ಸುಮ್ನಿರೂದು ಕಲ್ತೀರಿ ಮೇಡಂ, ಅವುಕ್ಕ ಯಾರು ಹೇಳಬೇಕು?" ಎನ್ನುತ್ತಿದ್ದಾನೆ.